ಹಿಂದಿನ ಗೇಟು, ನನ್ನ ಎಂಟು ಸೆಕೆಂಡು

ಟಿವಿಯಲ್ಲಿ ಒಮ್ಮೆ ನಾನೂ ಬಂದಿದ್ದೇನೆ. ಎಂಟು ಸೆಕೆಂಡು. ಆ ಎಂಟು ಸೆಕೆಂಡಿನ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವ ಲಕ್ಷಣವೂ ಕಾಣುತ್ತಿಲ್ಲ. ಬರೆದರೆ ಹಗುರಾಗಬಹುದು ಎಂದು ಮಗಳು ಹೇಳಿದಳು. ನೋಡೋಣ.

ದಿಲ್ಲಿಯ ಮಯೂರ್ ವಿಹಾರ್‌ನಲ್ಲಿರುವ ನಮ್ಮ ಫ್ಲಾಟುಗಳ ಸೊಸೈಟಿಗೆ ಎರಡು ಗೇಟು. ಮುಂದಿನದು ದೊಡ್ಡದು, ಕಾರುಗಳಿಗೆ. ಹಿಂದಿನದು ಒಬ್ಬೊಬ್ಬರೇ ನುಸುಳಬೇಕಾದ ಸಣ್ಣ ಕಬ್ಬಿಣದ ಬಾಗಿಲು. ಅದರ ಆಚೆ ಕೊಳಚೆ ನೀರಿನ ನಾಲಾ, ನಾಲಾ ಮೇಲೆ ಎರಡು ಚಪ್ಪಡಿ, ಚಪ್ಪಡಿಯ ಆಚೆ ಬಸ್ತಿ, ಬಡವರ ಜೋಪಡಿಗಳ ಕೇರಿ. ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವ, ರೊಟ್ಟಿ ಬೇಯಿಸುವ, ನಮ್ಮ ಮುದುಕರಿಗೆ ಸ್ನಾನ ಮಾಡಿಸುವ ಹೆಂಗಸರೆಲ್ಲ ಆ ಬಸ್ತಿಯವರು. ಅವರ ಹೆಣ್ಣುಮಕ್ಕಳು ಬೆಳಿಗ್ಗೆ ಏಳರ ಸುಮಾರಿಗೆ ಆ ಸಣ್ಣ ಗೇಟಿನಿಂದ ಒಳಗೆ ಬಂದು, ನಮ್ಮ ಪಾರ್ಕಿನ ಪಕ್ಕದಲ್ಲಿ ಹಾದು, ದೊಡ್ಡ ಗೇಟಿನಿಂದ ಹೊರಗೆ ಹೋದರೆ ಎದುರಿಗೇ ಸರ್ಕಾರಿ ಶಾಲೆ. ಅಲ್ಲಿ ಬೆಳಗಿನ ಪಾಳಿ ಹುಡುಗಿಯರದು, ಮಧ್ಯಾಹ್ನದ್ದು ಹುಡುಗರದು. ಈ ದಾರಿ ಇಲ್ಲವೆಂದರೆ ಮುಖ್ಯರಸ್ತೆ ಸುತ್ತಬೇಕು. ಫ್ಲೈಓವರ್ ಕೆಳಗಿನ ಕತ್ತಲು, ಅದು ದಾಟಿದ ಮೇಲೆ ಸಾರಾಯಿ ಅಂಗಡಿ, ಅದರ ಮೆಟ್ಟಿಲ ಮೇಲೆ ಹಿಂದಿನ ದಿನ ಕುಡಿದು ಬಿದ್ದು ಇನ್ನೂ ಏಳದವರು.

ಒಂದು ನವೆಂಬರಿನಲ್ಲಿ, ಹೊಗೆ ಮುಸುಕಿ ಎದುರಿನ ಬ್ಲಾಕ್ ಕಾಣದ ದಿನಗಳಲ್ಲಿ, ನಮ್ಮಲ್ಲಿ ಮೂರು ಕಾರುಗಳ ಸೈಡ್ ಕನ್ನಡಿ ಕಳುವಾದವು. ಮರುದಿನವೇ ಸೊಸೈಟಿಯ ಕಮಿಟಿ ಹಿಂದಿನ ಗೇಟಿಗೆ ಬೀಗ ಹಾಕಿತು. ವಿಚಾರಣೆ ಇಲ್ಲ, ಏನಿಲ್ಲ. ಕನ್ನಡಿ ಕದ್ದವರು ಯಾರು ಎಂದು ಯಾರಿಗೂ ಗೊತ್ತಿರಲಿಲ್ಲ, ಆದರೆ ಎಲ್ಲಿಂದ ಬಂದರು ಎಂದು ಎಲ್ಲರಿಗೂ ಗೊತ್ತಿತ್ತು.

ನಮ್ಮ ಮನೆಗೆ ಹದಿಮೂರು ವರ್ಷದಿಂದ ಕೆಲಸಕ್ಕೆ ಬರುವ ಹೆಂಗಸಿನ ಮಗಳು ಆಗ ಒಂಬತ್ತನೇ ತರಗತಿ. ಬೀಗ ಬಿದ್ದ ವಾರ ತಾಯಿ ಪಾತ್ರೆ ತೊಳೆಯುವುದು ಬಿಟ್ಟು, ಒದ್ದೆ ಕೈಯಲ್ಲೇ ನನ್ನ ಮುಂದೆ ಬಂದು ನಿಂತಳು. "ದೀದಿ, ಇವಳ ಅಪ್ಪ ಹೇಳಿಬಿಟ್ಟಿದ್ದಾನೆ. ಸಾರಾಯಿ ಅಂಗಡಿ ಮುಂದೆ ದಿನಾ ಓಡಾಡಿ ಓದೋದು ಬೇಡ, ಚಳಿಗಾಲದ ರಜೆ ಮುಗಿದ ಮೇಲೆ ಮನೇಲೇ ಇರಲಿ ಅಂತ. ಆಪ್ ತೋ ದಫ್ತರ್ ಮೇ ಥೀಂ. ದೊಡ್ಡವರ ಹತ್ತಿರ ಮಾತಾಡೋಕೆ ನಿಮಗೆ ಬರುತ್ತೆ. ಗೇಟು ತೆಗೆಸಿ."

ದಫ್ತರ್‌ನಲ್ಲಿ ಇದ್ದದ್ದು ನಿಜ. ಮೂವತ್ತು ವರ್ಷಕ್ಕೂ ಮೇಲೆ ಕೇಂದ್ರ ಸರ್ಕಾರದ ಒಂದು ಮಂತ್ರಾಲಯದಲ್ಲಿ ಕಡತಗಳ ನಡುವೆ ಕೂತು ಸೆಕ್ಷನ್ ಆಫೀಸರಾಗಿ ನಿವೃತ್ತಳಾದವಳು ನಾನು. ಕೆಲಸದ ಮೊದಲ ವರ್ಷಗಳಲ್ಲಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ, ಪತ್ರಿಕೆಗಳಲ್ಲಿ ನಮ್ಮ ಇಲಾಖೆಗೆ ಸಂಬಂಧಿಸಿದ ಸುದ್ದಿ ಕತ್ತರಿಸಿ, ಅಂಟಿಸಿ, ಸಾಹೇಬರ ಮೇಜಿನ ಮೇಲೆ ಇಡುವುದು ನನ್ನ ಪಾಲಿಗೆ ಬಂದಿತ್ತು. ಒಂದು ಸಣ್ಣ ಊರಿನ ಚರಂಡಿ ಸುದ್ದಿ ಬಂದರೂ ಸಾಹೇಬರು ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದು ವಿವರ ಕೇಳುತ್ತಿದ್ದರು. ಹಾಗಾಗಿ ಸುದ್ದಿ ಎಂದರೆ ನನಗೆ ಒಂದು ಭಕ್ತಿ. ಸುದ್ದಿಯಲ್ಲಿ ಬಂದರೆ ಕೆಲಸ ಆಗುತ್ತದೆ ಎಂಬ ನಂಬಿಕೆ. ಈಗ ನೆನೆದರೆ ನಗು ಬರುತ್ತದೆ, ಒಳ್ಳೆಯ ನಗುವಲ್ಲ.

ಎರಡು ದಿನಕ್ಕೆ ಚಾನೆಲ್ಲಿನವರೇ ಬಂದರು. ಕರೆಸಿದ್ದು ಕಮಿಟಿಯ ಕಾರ್ಯದರ್ಶಿ. ಮೈಕು ಹಿಡಿದ ವರದಿಗಾರ್ತಿ ಪಾರ್ಕಿನಲ್ಲಿ ನನ್ನನ್ನು ನಿಲ್ಲಿಸಿ, "ಆಂಟೀಜೀ, ಈ ಗೇಟಿನ ಬಗ್ಗೆ ನೀವೇನು ಹೇಳ್ತೀರಿ?" ಎಂದಳು. ನಾನು ಕಾಯುತ್ತಿದ್ದದ್ದೇ ಅದಕ್ಕೆ. ಅವರು ಬರುವ ಸುದ್ದಿ ತಿಳಿದು ಬೆಳಿಗ್ಗೆಯೇ ಮನಸ್ಸಿನಲ್ಲಿ ಕರಡು ತಯಾರು ಮಾಡಿಟ್ಟುಕೊಂಡಿದ್ದೆ.

ಸರ್ಕಾರಿ ಕಡತದಲ್ಲಿ ಟಿಪ್ಪಣಿ ಬರೆಯುವುದಕ್ಕೆ ಒಂದು ಕ್ರಮವಿದೆ. ನಿಮ್ಮ ಅಭಿಪ್ರಾಯ ಮೊದಲೇ ಬರೆಯಬಾರದು. ಎದುರು ಪಕ್ಷದವರ ವಾದವನ್ನು ಮೊದಲು, ಪೂರ್ತಿಯಾಗಿ, ಅವರು ಹೇಳಿದ್ದಕ್ಕಿಂತ ಚೆನ್ನಾಗಿ ಬರೆಯಬೇಕು. ಆಮೇಲೆ ಹೊಸ ಪ್ಯಾರಾ, 'ಆದರೆ' ಎಂದು ಶುರು. ಅಲ್ಲಿಂದ ಒಂದೊಂದಾಗಿ ಆ ವಾದವನ್ನು ಕೆಡವಬೇಕು. ನನ್ನ 'ಆದರೆ'ಗಳಿಗೆ ನಮ್ಮ ವಿಭಾಗದಲ್ಲಿ ಹೆಸರಿತ್ತು. ಆ ಚಟ ನಾಲಿಗೆಗೂ ಹತ್ತಿತ್ತು.

ಹಾಗಾಗಿ ಕ್ಯಾಮೆರಾ ಮುಂದೆಯೂ ಮೊದಲು ಕಮಿಟಿಯ ವಾದ ಮಂಡಿಸಿದೆ. ಇದು ಕಮಿಟಿಯವರ ಆತಂಕ ಎಂದು ಶುರು ಮಾಡಿ, "ಈ ಗೇಟಿನಿಂದ ಯಾರು ಯಾರೋ ಒಳಗೆ ಬರುತ್ತಾರೆ. ಕಳ್ಳತನ ಆಗುತ್ತದೆ. ನಮ್ಮ ಮನೆ ಮಕ್ಕಳಿಗೆ ಅಪಾಯ" ಎಂದು ಅಚ್ಚುಕಟ್ಟಾದ ಹಿಂದಿಯಲ್ಲಿ ಹೇಳಿದೆ. ಆಮೇಲೆ ಉಸಿರು ತೆಗೆದುಕೊಂಡು 'ಆದರೆ' ಎಂದೆ. ಅಲ್ಲಿಂದ ಮೂರು ನಿಮಿಷಕ್ಕೆ ಕಡಿಮೆಯಿಲ್ಲ. ಹುಡುಗಿಯರ ಶಾಲೆ, ಫ್ಲೈಓವರ್, ಸಾರಾಯಿ ಅಂಗಡಿ, ಸಾಕ್ಷಿಯಿಲ್ಲದೆ ಒಂದು ಬಸ್ತಿಯನ್ನೇ ಕಳ್ಳರೆನ್ನುವ ಅನ್ಯಾಯ, ಎಲ್ಲ. ವರದಿಗಾರ್ತಿ ತಲೆಯಾಡಿಸುತ್ತಲೇ ಇದ್ದಳು. "ಬಹುತ್ ಅಚ್ಛಾ ಬೋಲಾ ಆಂಟೀಜೀ" ಎಂದು ತನ್ನ ಫೋನ್ ನಂಬರ್ ಬೇರೆ ಕೊಟ್ಟಳು. ನಾನು ಉಬ್ಬಿಹೋದೆ. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಕೆಲಸದ ಹೆಂಗಸಿಗೆ, "ಸಂಜೆ ಏಳಕ್ಕೆ ಟಿವಿ ಹಾಕು, ಎಲ್ಲರಿಗೂ ತೋರಿಸು" ಎಂದು ಹೇಳಿ ಕಳಿಸಿದೆ.

ಸಂಜೆ ಏಳಕ್ಕೆ ನಾನು ಬಂದೆ. ಢಂ ಢಂ ಎನ್ನುವ ಸಂಗೀತ, ಗೇಟಿನ ಸರಳುಗಳ ಮೇಲೆ ಕೆಂಪು ಬಣ್ಣ, ನನ್ನ ಮುಖ. "ಈ ಗೇಟಿನಿಂದ ಯಾರು ಯಾರೋ ಒಳಗೆ ಬರುತ್ತಾರೆ. ಕಳ್ಳತನ ಆಗುತ್ತದೆ. ನಮ್ಮ ಮನೆ ಮಕ್ಕಳಿಗೆ ಅಪಾಯ." ಅಷ್ಟೇ. ಕೆಳಗೆ ದಪ್ಪ ಅಕ್ಷರ: 'ಭಯದ ನೆರಳಲ್ಲಿ ವೃದ್ಧೆ'. ನನ್ನ 'ಆದರೆ' ಎಲ್ಲಿ ಹೋಯಿತು? ಮೂರು ನಿಮಿಷ ಎಲ್ಲಿ ಹೋಯಿತು? ನಿರೂಪಕ ಮೇಜು ಕುಟ್ಟುತ್ತ ಈ ವೃದ್ಧೆಯ ಕಣ್ಣೀರಿಗೆ ಯಾರು ಹೊಣೆ ಎಂದು ಕೂಗುತ್ತಿದ್ದ. ಯಾವ ಕಣ್ಣೀರು ಮಾರಾಯ? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ನೋಡಿದ್ದೆ. ಇವರು ಎತ್ತನ್ನೂ ತಾವೇ ತಂದು, ತಾವೇ ಈಯಿಸಿ, ನನ್ನ ಕೈಗೆ ಹಗ್ಗ ಕೊಟ್ಟಿದ್ದರು. ಅದರ ಹಿಂದೆಯೇ ಜಾಹೀರಾತು: ನೋಯ್ಡಾ ಆಚೆ ಎಲ್ಲೋ ಎತ್ತರದ ಗೋಡೆಯ ಫ್ಲಾಟುಗಳು, ಮೂರು ಸುತ್ತಿನ ಕಾವಲು, ಹೊರಗಿನವರಿಗೆ ಪ್ರವೇಶವಿಲ್ಲ, ಇಂದೇ ಬುಕ್ ಮಾಡಿ.

ಮರುದಿನ ಕೆಲಸದ ಹೆಂಗಸು ಎಂದಿನ ಹೊತ್ತಿಗೇ ಬಂದಳು. ಪಾತ್ರೆ ತೊಳೆದಳು, ನೆಲ ಒರೆಸಿದಳು. ಹದಿಮೂರು ವರ್ಷದಲ್ಲಿ ಮೊದಲ ಬಾರಿ ನಾನಿಟ್ಟ ಚಹಾ ಕುಡಿಯಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, "ಆಗಲ್ಲ ಅಂತಿದ್ರೆ ನನಗೇ ಹೇಳಬಹುದಿತ್ತಲ್ಲ ದೀದಿ. ಟಿವಿಯಲ್ಲಿ ಯಾಕೆ? ಇಡೀ ಗಲ್ಲಿಯವರನ್ನ ಕೂಡಿಸಿಕೊಂಡು ನೋಡಿದ್ವಿ" ಎಂದಳು. ನಾನು ಹಾಗೆ ಹೇಳಲಿಲ್ಲ ಎಂದೆ. "ಮುಖ ನಿಮ್ಮದೇ, ಬಾಯಿ ನಿಮ್ಮದೇ" ಎಂದು ಹೊರಟುಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಿದ ಮಾತನ್ನೇ ಯಾರೋ ಒಡೆದು ಕೊಟ್ಟರೆ ಏನು ಮಾಡಬೇಕು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಮಗಳಿಗೆ ಫೋನ್ ಮಾಡಿ ಕೂಗಾಡಿದೆ. ಅವಳು ಎರಡು ವರ್ಷ ಇಂಥದ್ದೇ ಒಂದು ಚಾನೆಲ್ಲಿನ ಡೆಸ್ಕಿನಲ್ಲಿ ಕೆಲಸ ಮಾಡಿ, ಬೇಸತ್ತು ಬಿಟ್ಟು, ಈಗ ಓಖ್ಲಾದಲ್ಲಿ ಒಂದು ಮುದ್ರಣಾಲಯದ ಆಫೀಸಿನಲ್ಲಿದ್ದಾಳೆ. ದಿಲ್ಲಿಯಲ್ಲೇ ಬೆಳೆದವಳು, ಅವಳ ಕನ್ನಡ ಅರ್ಧ ದಾರಿಯಲ್ಲೇ ಇಳಿದು ಬೇರೆ ಬಸ್ಸು ಹತ್ತುತ್ತದೆ. "ಅಮ್ಮಾ, ಟಿವಿಯಲ್ಲಿ ಒಬ್ಬರ ಬೈಟ್ ಅಂದ್ರೆ ಎಯ್ಟ್ ಸೆಕೆಂಡ್ಸ್. ನೀನು ಫೋರ್ ಮಿನಿಟ್ಸ್ ಭಾಷಣ ಮಾಡಿದ್ರೆ ಎಡಿಟರ್ ಕ್ಯಾ ಕರೇಗಾ? ಅವರಿಗೆ ಬೇಕಾಗಿದ್ದು ಸಿಕ್ತು, ಕಟ್ ಮಾಡಿದ್ರು."

"ಪೂರ್ತಿ ಕೇಳಬೇಕು ತಾನೇ? ಕೇಳದೆ ಹೇಗೆ ಕತ್ತರಿಸ್ತಾರೆ?"

"ಕೇಳಿದ ಮೇಲೇನೇ ಕತ್ತರಿಸೋದು ಅಮ್ಮಾ," ಎಂದಳು ಮಗಳು. ಆಮೇಲೆ ಇನ್ನೊಂದು ಹೇಳಿದಳು. ಆ ಚಾನೆಲ್ಲಿನ ಒಡೆಯರಿಗೆ ಫ್ಲಾಟು ಕಟ್ಟಿ ಮಾರುವ ವ್ಯಾಪಾರವೂ ಇದೆಯಂತೆ. ಜಾಹೀರಾತು ಯಾವುದು, ಸುದ್ದಿ ಯಾವುದು ಎಂದು ನಾನು ಸುಮ್ಮನೆ ತಲೆ ಕೆಡಿಸಿಕೊಂಡಿದ್ದೆ. ನಮ್ಮ ಕಾಲದಲ್ಲಿ ನಾನು ಪತ್ರಿಕೆ ಕತ್ತರಿಸುತ್ತಿದ್ದೆ, ಈಗ ಅವರು ನನ್ನನ್ನೇ ಕತ್ತರಿಸಿದ್ದರು.

ಸುಮ್ಮನಿರಲಿಲ್ಲ. ಚಾನೆಲ್ಲಿಗೆ ಪತ್ರ ಬರೆದೆ. ವಿಷಯ, ಉಲ್ಲೇಖ, ಪ್ಯಾರಾ ಸಂಖ್ಯೆ ಎಲ್ಲ ಹಾಕಿ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಉತ್ತರವಿಲ್ಲ. ನೆನಪೋಲೆ ಕಳಿಸಿದೆ. ಅದಕ್ಕೂ ಇಲ್ಲ. ಮೂರನೆಯದನ್ನು ಇಂಗ್ಲಿಷಿನಲ್ಲಿ ಬರೆದೆ, ಸ್ವಲ್ಪ ಹೆದರಲಿ ಎಂದು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಅಷ್ಟರಲ್ಲಿ ಪೊಲೀಸರು ಮುಂದಿನ ಗೇಟಿನ ಕ್ಯಾಮೆರಾ ನೋಡಿದ್ದರು. ಕನ್ನಡಿ ಕದ್ದವರು ಬಿಳಿ ಕಾರಿನಲ್ಲಿ ಮುಂದಿನ ಗೇಟಿನಿಂದಲೇ ಬಂದಿದ್ದರು. ಗಾರ್ಡ್ ಸಲಾಮು ಹೊಡೆದು ಒಳಗೆ ಬಿಟ್ಟಿದ್ದ. ಇದು ಯಾವ ಚಾನೆಲ್ಲಿನಲ್ಲೂ ಬರಲಿಲ್ಲ. ಹಿಂದಿನ ಗೇಟಿನ ಬೀಗವೂ ತೆಗೆಯಲಿಲ್ಲ. "ಸೇಫ್ಟಿ ಅಂದ್ರೆ ಸೇಫ್ಟಿ ಮ್ಯಾಡಮ್, ನೀವೇ ಟಿವಿಯಲ್ಲಿ ಹೇಳಿದ್ದೀರಿ" ಎಂದ ಕಾರ್ಯದರ್ಶಿ. ನನಗೆ ಅವನ ಬಾಯಿಗೆ ಆ ಬೀಗ ಹಾಕುವಷ್ಟು ಕೋಪ ಬಂತು.

ಮೂರನೆಯ ಪತ್ರದ ಪ್ರತಿ ಮೇಜಿನ ಮೇಲಿದ್ದಾಗ ಕೆಲಸದ ಹೆಂಗಸು ಅದನ್ನು ನೋಡಿದಳು. ಓದಲು ಬರದಿದ್ದರೂ ಪದೇ ಪದೇ ಅಂಚೆ ಕಚೇರಿಗೆ ಹೋಗುತ್ತಿದ್ದೇನೆ ಎಂದು ಅವಳಿಗೆ ಗೊತ್ತಿತ್ತು. ಏನು ಬರೆದಿದೆ ಎಂದು ಕೇಳಿದಳು. ಪೂರ್ತಿ ಓದಿ ಹೇಳಿದೆ, ನನ್ನ 'ಆದರೆ' ಸಮೇತ. ಕೇಳಿದವಳು ತಾನೇ ಹೋಗಿ ಚಹಾ ಇಟ್ಟಳು. ಎರಡು ಲೋಟ ತಂದಳು. "ಚಿಟ್ಠಿ ಬಿಡಿ ದೀದಿ. ಅವರಿಗೆ ನೀವೂ ಗೊತ್ತಿಲ್ಲ, ನಾವೂ ಗೊತ್ತಿಲ್ಲ. ಈ ಬಿಲ್ಡಿಂಗಿನವರಿಗೆ ನಾವು ಗೊತ್ತು ತಾನೇ? ಮನೆ ಮನೆಗೆ ಹೋಗೋಣ, ಚಲೋ."

ಆಗ ತಿಳಿಯಿತು, ನಾನು ಪತ್ರ ಬರೆಯುತ್ತ ಕೂತಿದ್ದ ದಿನಗಳಲ್ಲಿ ಬಸ್ತಿಯ ತಾಯಂದಿರು ಸುಮ್ಮನೆ ಕೂತಿರಲಿಲ್ಲ. ಪಾಳಿ ಹಾಕಿಕೊಂಡು, ದಿನಕ್ಕೆ ಮೂವರಂತೆ, ಎಲ್ಲ ಹುಡುಗಿಯರನ್ನೂ ಗುಂಪಾಗಿ ಮುಖ್ಯರಸ್ತೆಯಲ್ಲಿ ಶಾಲೆಗೆ ಬಿಟ್ಟು ಬರುತ್ತಿದ್ದರು. ಪಾಳಿಯ ದಿನ ಕೆಲಸಕ್ಕೆ ತಡವಾಗಿ, ನಮ್ಮಂಥವರ ಮನೆಯಲ್ಲಿ ಬೈಸಿಕೊಳ್ಳುತ್ತಿದ್ದರು. ಒಂದೆರಡು ಸಲ ನಾನೂ ಬೈದಿದ್ದೆ. ಯಾಕೆ ತಡ ಎಂದು ಕೇಳಿರಲಿಲ್ಲ. ಮೂರು ನಿಮಿಷ ಮಾತಾಡಿದವಳು ಒಂದು ಪ್ರಶ್ನೆ ಕೇಳಿರಲಿಲ್ಲ.

ಸೊಸೈಟಿಯ ನಿಯಮಾವಳಿ ತೆಗೆದು ಓದಿದೆ. ಸಾಕಷ್ಟು ಸದಸ್ಯರು ಸಹಿ ಮಾಡಿ ಕೊಟ್ಟರೆ ಕಮಿಟಿ ಸರ್ವಸದಸ್ಯರ ಸಭೆ ಕರೆಯಲೇಬೇಕು. ಹೊರಟೆವು. ಕ್ರಮ ಆಕೆಯದೇ. ಯಾವ ಮನೆಯಲ್ಲಿ ಯಾವ ಹೆಂಗಸು ಕೆಲಸ ಮಾಡುತ್ತಾಳೋ ಅವಳು ಬಾಗಿಲು ತಟ್ಟಬೇಕು, ನಾನು ಕಾಗದ ಹಿಡಿದು ಹಿಂದೆ ನಿಲ್ಲಬೇಕು. ಮಧ್ಯಾಹ್ನ ನಾಲ್ಕರ ಚಹಾ ಹೊತ್ತಿಗೇ ಹೋಗಬೇಕು, ಆಗ ಎಲ್ಲರ ಮನಸ್ಸೂ ಸ್ವಲ್ಪ ಮೆತ್ತಗೆ ಎಂದಳು. ಯಾವ ಮನೆಯ ಅತ್ತೆ ಸಹಿ ಮಾಡಿದರೆ ಸೊಸೆ ಮಾಡುವುದಿಲ್ಲ, ಯಾರಿಗೆ ಮೊದಲು ಮಂಡಿನೋವು ವಿಚಾರಿಸಬೇಕು, ಎಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ನನ್ನ ಇಡೀ ಮಂತ್ರಾಲಯಕ್ಕೆ ಇಷ್ಟು ತಿಳಿವಳಿಕೆ ಇರಲಿಲ್ಲ.

ಮೊದಲ ದಿನ ನಾನು ಲಿಫ್ಟಿನ ಕಡೆ ನಡೆದೆ. ಅವಳು ಮೆಟ್ಟಿಲ ಕಡೆ ನಡೆದಳು. ಲಿಫ್ಟಿನ ಪಕ್ಕದಲ್ಲಿ ನೋಟೀಸು: ಮನೆಗೆಲಸದವರು ಸದಸ್ಯರ ಲಿಫ್ಟ್ ಬಳಸಬಾರದು. ಯಾರು ಬರೆದರು ಇದನ್ನು ಎಂದು ಇಲ್ಲಿ ಕೂಗಾಡಲು ನನಗೆ ಹಕ್ಕಿಲ್ಲ. ಕಮಿಟಿ ಬರೆದದ್ದು. ಕರಡನ್ನು ತಿದ್ದಿ, ಭಾಷೆ ಸರಿಮಾಡಿ ಕೊಟ್ಟದ್ದು ನಾನು. ನೀವು ಆಫೀಸರ್ ಆಗಿದ್ದವರು, ಸ್ವಲ್ಪ ನೋಡಿಕೊಡಿ ಎಂದಿದ್ದರು. ಒಂದು ಅಲ್ಪವಿರಾಮ ಹಾಕಿ ಕೊಟ್ಟಿದ್ದೆ. ಚಾನೆಲ್ಲಿನವರನ್ನು ಬೈಯುವಾಗೆಲ್ಲ ಈ ಅಲ್ಪವಿರಾಮ ನೆನಪಾಗುತ್ತದೆ. ಅವತ್ತಿನಿಂದ ನಾನೂ ಮೆಟ್ಟಿಲು ಹತ್ತಿದೆ, ಪ್ರತಿ ಮಹಡಿಯಲ್ಲೂ ಒಮ್ಮೆ ನಿಂತು.

ಎಲ್ಲರೂ ಸಹಿ ಮಾಡಲಿಲ್ಲ. ಹಿಂದಿನ ಗೇಟಿನ ಮೇಲೇ ಬಾಲ್ಕನಿ ಇರುವ ಒಂದನೇ ಮಹಡಿಯ ಪಂಜಾಬಿ ಮುದುಕಿ ಬಾಗಿಲನ್ನು ಅರ್ಧ ಮಾತ್ರ ತೆರೆದರು. ಒಳಗೆ ಅದೇ ಚಾನೆಲ್ಲು. ಅವರ ಮನೆಯಲ್ಲಿ ಬೆಳಗಿನ ರಾಶಿಫಲದಿಂದ ಹಿಡಿದು ಅದು ಆರಿದ್ದೇ ಇಲ್ಲ. ನನ್ನ ಎಂಟು ಸೆಕೆಂಡನ್ನು ಸೊಸೈಟಿಯ ವಾಟ್ಸಾಪ್ ಗುಂಪಿಗೆ ಮೊದಲು ಹಾಕಿದವರೂ ಅವರೇ. "ನೀವೇ ಅಪಾಯ ಅಂದ್ರಿ, ಈಗ ನೀವೇ ಉಲ್ಟಾ ಹೊಡೀತೀರಿ. ಟಿವಿಯಲ್ಲಿ ಎಲ್ಲಾ ತೋರಿಸಿದ್ದಾರೆ, ಇವರೆಲ್ಲ ಎಂಥವರು ಅಂತ" ಎಂದು ಕೆಲಸದ ಹೆಂಗಸಿನ ಮುಖದ ಮೇಲೇ ಹೇಳಿ ಬಾಗಿಲು ಹಾಕಿಕೊಂಡರು. ನಾನು ಬಾಗಿಲಿಗೆ ಏನೋ ಹೇಳಲು ಹೊರಟೆ. ಅವಳು ನನ್ನ ಕೈ ಹಿಡಿದು ಮುಂದಿನ ಮನೆಗೆ ಎಳೆದುಕೊಂಡು ಹೋದಳು.

ರಜೆಗೆ ಒಂದು ವಾರ ಮೊದಲು ಸಭೆ ಸೇರಿತು. ಸದಸ್ಯರಲ್ಲದವರಿಗೆ ಒಳಗೆ ಪ್ರವೇಶವಿಲ್ಲ, ಹೆಂಗಸರೆಲ್ಲ ಹೊರಗೆ ಪಾರ್ಕಿನ ಚಳಿಯಲ್ಲಿ ಕೂತರು. ಒಳಗೆ ಹೋಗುವ ಮುಂಚೆ ಆಕೆ ನನಗೆ ಹೇಳಿದಳು: "ಈ ಸಲ ನಿಮ್ಮ ಮಾತು ಮೊದಲು ಹೇಳಿ ದೀದಿ. ಅವರ ಮಾತು ಅವರು ಹೇಳಿಕೊಳ್ತಾರೆ." ಮೂವತ್ತು ವರ್ಷದ ಅಭ್ಯಾಸ ನುಂಗಿಕೊಂಡು ಹಾಗೇ ಮಾಡಿದೆ. ಗೇಟು ತೆಗೆಯಿರಿ, ಹುಡುಗಿಯರು ಶಾಲೆಗೆ ಹೋಗಬೇಕು, ಕನ್ನಡಿ ಕದ್ದವರು ಮುಂದಿನ ಗೇಟಿನಿಂದ ಬಂದರು ಎಂದು ಹೇಳಿ ಕೂತುಬಿಟ್ಟೆ. ಗಲಾಟೆಯಾಯಿತು. ಕೈ ಎತ್ತಿಸಿ ಎಣಿಸಿದರು. ಕೂದಲೆಳೆಯಲ್ಲಿ ಗೆದ್ದೆವು. ಆದರೆ ಕಾರ್ಯದರ್ಶಿ ಒಂದು ಷರತ್ತು ತೂರಿಸಿದ: ಶಾಲೆಯ ದಿನಗಳಲ್ಲಿ ಬೆಳಿಗ್ಗೆ ಆರೂವರೆಯಿಂದ ಏಳೂಕಾಲರವರೆಗೆ ಮಾತ್ರ, ಅದೂ ಒಬ್ಬ ಸದಸ್ಯರು ಖುದ್ದಾಗಿ ಗೇಟಿನಲ್ಲಿ ನಿಂತರೆ ಮಾತ್ರ. ಮಧ್ಯಾಹ್ನ ಮರಳುವಾಗ ತಾಯಂದಿರ ಪಾಳಿಯೇ ಗತಿ. ದಿಲ್ಲಿಯ ಜನವರಿಯಲ್ಲಿ ಯಾವ ಸದಸ್ಯ ಹೊದಿಕೆ ಬಿಟ್ಟು ಏಳುತ್ತಾನೆ ಎಂಬುದು ಅವನ ಲೆಕ್ಕ.

ಆ ವರದಿಗಾರ್ತಿಗೆ ಫೋನ್ ಮಾಡಿ, ಗೇಟು ತೆರೆಯುತ್ತಿದ್ದಾರೆ, ಬಂದು ತೋರಿಸಿ ಎಂದೆ. "ಇದರಲ್ಲಿ ಸ್ಟೋರಿ ಏನಿದೆ ಮ್ಯಾಮ್?" ಎಂದಳು. ಪಾಪ, ನಿಜವಾಗಿಯೂ ಗೊತ್ತಿಲ್ಲದೆ ಕೇಳಿದಳು.

ರಜೆ ಮುಗಿದ ದಿನದಿಂದ ನಾನು ನಿಂತೆ. ಸ್ವೆಟರ್, ಶಾಲು, ಮಂಕಿಕ್ಯಾಪು ಏರಿಸಿ, ಬೀಗದ ಕೈ ಹಿಡಿದ ಗಾರ್ಡ್ ಭಯ್ಯಾನ ಪಕ್ಕದಲ್ಲಿ. ಮಂಜಿನಲ್ಲಿ ಮೊದಲು ಚಪ್ಪಲಿ ಸದ್ದು, ಆಮೇಲೆ ಜಡೆಯ ಬಿಳಿ ರಿಬ್ಬನ್ನು, ಆಮೇಲೆ ಹುಡುಗಿಯರು. ಒಂಬತ್ತನೇ ತರಗತಿಯವಳು ಮೊದಲ ದಿನ ಎಲ್ಲರಿಗಿಂತ ಮುಂದೆ ಬಂದಳು. ಹಿಂದೆ ಅವಳ ಅಪ್ಪ. ಚಪ್ಪಡಿಯ ಆಚೆಯೇ ನಿಂತು, ಅವಳು ಒಳಗೆ ಬರುವುದನ್ನು ನೋಡಿ ತಿರುಗಿ ಹೋದ.

ಎರಡು ವಾರ ನಡೆಯಿತು. ಒಂದು ದಿನ ನನಗೆ ಜ್ವರ. ಗುಳಿಗೆ ನುಂಗಿ ಮಲಗಿದವಳಿಗೆ ಎಚ್ಚರವಾದಾಗ ಏಳಾಗಿತ್ತು. ಮಕ್ಕಳು ಚಪ್ಪಡಿಯ ಮೇಲೆ ನಿಂತಿರುತ್ತಾರೆ, ಗಾರ್ಡ್ ಬೀಗ ತೆಗೆದಿರುವುದಿಲ್ಲ, ಮಗಳನ್ನು ಅಪ್ಪ ಕೈ ಹಿಡಿದು ವಾಪಸು ಕರೆದೊಯ್ಯುತ್ತಾನೆ, ಎಲ್ಲ ನನ್ನಿಂದ. ಶಾಲು ಸುತ್ತಿಕೊಂಡು, ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ಬಚ್ಚಲಿನ ಚಪ್ಪಲಿ ಹಾಕಿಕೊಂಡು ಓಡಿದೆ.

ಗೇಟು ತೆರೆದಿತ್ತು. ಒಂದನೇ ಮಹಡಿಯ ಪಂಜಾಬಿ ಮುದುಕಿ ರಜಾಯಿಯನ್ನೇ ಹೊದ್ದುಕೊಂಡು, ಎರಡೂ ಕೈಯಲ್ಲಿ ಕಬ್ಬಿಣದ ಬಾಗಿಲು ಹಿಡಿದು ನಿಂತಿದ್ದರು. ಒಂಬತ್ತನೇ ತರಗತಿಯವಳು ಆಗಲೇ ಪಾರ್ಕು ದಾಟಿದ್ದಳು. ಕೊನೆಯ ಎರಡು ಪುಟ್ಟವು ಅವರ ತೋಳಿನ ಕೆಳಗಿನಿಂದ ನುಸುಳುತ್ತಿದ್ದವು.

ನನ್ನನ್ನು ಕಂಡದ್ದೇ ಸಿಡುಕಿದರು. "ಬಾಲ್ಕನಿಯಿಂದ ದಿನಾ ನೋಡ್ತೀನಿ. ಇವತ್ತು ನೀವಿಲ್ಲ. ಚಳಿಯಲ್ಲಿ ನಿಂತಿದ್ದವು, ಇಷ್ಟಿಷ್ಟು ಉದ್ದದವು. ಇವನು ಮೆಂಬರ್ ಬೇಕು ಅಂತಾನೆ. ನಾನೇನು ಮೆಂಬರ್ ಅಲ್ವಾ?" ಗಾರ್ಡ್ ತಲೆ ತಗ್ಗಿಸಿದ. ಮುದುಕಿ ಹುಡುಗಿಯರು ಹೋದ ದಿಕ್ಕನ್ನೇ ನೋಡುತ್ತ, ನನಗಲ್ಲ, ತಮಗೇ ಎಂಬಂತೆ ಹೇಳಿದರು: "ಯೇ ತೋ ಬಚ್ಚಿಯಾಂ ಹೈಂ. ಮಕ್ಕಳು ಕಣ್ರೀ ಇವು."

ಮೇಲೆ ಅವರ ಬಾಲ್ಕನಿಯ ಬಾಗಿಲು ತೆರೆದೇ ಇತ್ತು. ಒಳಗೆ ಅದೇ ಚಾನೆಲ್ಲು ಯಾರೂ ಇಲ್ಲದ ಕೋಣೆಗೆ ಅರಚಿಕೊಳ್ಳುತ್ತಿತ್ತು.